ಕ್ಯಾಚ್‌ಪೋಲ್ ವಂಶದ ಸಿಂಹ

ನೆವಿಲ್ ಕ್ಯಾಚ್‌ಪೋಲ್ ಶನಿವಾರ ಬೆಳಿಗ್ಗೆ ಎರಡು ಜೊತೆ ಕಾಲುಚೀಲ ತರಲು ಇಪ್ಸ್‌ವಿಚ್ ಪೇಟೆಗೆ ಹೋದವನು, ಮಧ್ಯಾಹ್ನ ಮನೆಗೆ ಸಿಂಹ ತಂದ.

ಸಿಂಹ ಇದ್ದದ್ದು ಚೌಕಟ್ಟಿನೊಳಗೆ. ಪೇಟೆಯ ಮಾಲ್‌ನಲ್ಲಿ, ನಕಲಿ ಬೀಗದಕೈ ಮಾಡುವವನ ಪಕ್ಕದಲ್ಲಿ ಒಂದು ಪುಟ್ಟ ಅಂಗಡಿ. ಮನೆತನದ ಹೆಸರು ಹೇಳಿದರೆ ಸಾಕು, ಅದರ ಪೂರ್ತಿ ಚರಿತ್ರೆಯನ್ನು ಮೂರೇ ನಿಮಿಷದಲ್ಲಿ ಹಳದಿ ಕಾಗದದ ಮೇಲೆ ಅಚ್ಚು ಹಾಕಿ ಕೊಡುತ್ತಾರೆ. ನೆವಿಲ್ ಹೆಸರು ಹೇಳಿದ. ಯಂತ್ರ ಗೊರಗೊರ ಎಂದಿತು. ಹೊರಬಂದ ಕಾಗದದಲ್ಲಿ ಕೆಂಪು ಗುರಾಣಿ, ಗುರಾಣಿಯ ಮೇಲೆ ನಾಲಿಗೆ ಚಾಚಿ ಹಿಂಗಾಲಲ್ಲಿ ನಿಂತ ಚಿನ್ನದ ಸಿಂಹ, ಅದರ ಕೆಳಗೆ ಒಂದು ಸಾಲು ಲ್ಯಾಟಿನ್, ಅದಕ್ಕೂ ಕೆಳಗೆ: 'ಕ್ಯಾಚ್‌ಪೋಲ್. ಸಾವಿರದ ಅರವತ್ತಾರರಲ್ಲಿ ನಾರ್ಮನ್ ದೊರೆಯ ಜೊತೆ ಸಮುದ್ರ ದಾಟಿ ಬಂದ ಹೆಸರು. ವೀರರ ಕುಲ.'

ಸರದಿಯಲ್ಲಿ ಅವನ ಹಿಂದಿದ್ದವನಿಗೂ ಸಿಂಹವೇ ಬಂತು, ಅವನ ಹಿಂದಿನವಳಿಗೂ ಅದೇ ಸಿಂಹ. ನೆವಿಲ್ ಅದನ್ನು ನೋಡಲಿಲ್ಲ. ಹೀರೋ ಪರದೆಯ ಮೇಲೆ ಬರುವಾಗ ಪಕ್ಕದ ಸೀಟಿನವನು ಏನು ತಿನ್ನುತ್ತಿದ್ದಾನೆ ಅಂತ ಯಾರಾದರೂ ನೋಡುತ್ತಾರಾ?

"ಕಾಲುಚೀಲ ಎಲ್ಲಿ?" ಎಂದಳು ಹೆಂಡತಿ ಮಾರೀನ್.

"ಮಾರೀನ್, ಕೂತ್ಕೋ. ನೀನು ಇಷ್ಟು ವರ್ಷ ಯಾರ ಜೊತೆ ಸಂಸಾರ ಮಾಡ್ತಿದ್ದೀಯ ಗೊತ್ತಾ?"

"ಹೆಬ್ಬೆರಳು ಹೊರಗೆ ಕಾಣೋ ಕಾಲುಚೀಲದವನ ಜೊತೆ."

"ನಾರ್ಮನ್ ವೀರನ ಜೊತೆ ಕಣೇ!"

ಮಾರೀನ್ ಸಿಂಹವನ್ನು ನೋಡಿದಳು. ಗಂಡನನ್ನು ನೋಡಿದಳು. ಐವತ್ತೊಂಬತ್ತು ವರ್ಷ, ಬೋಳುತಲೆ, ಇಪ್ಪತ್ತಾರು ವರ್ಷದಿಂದ ಹಳ್ಳಿ ಬಸ್ಸಿನ ಡ್ರೈವರ್. "ನಾಲಿಗೆ ಮಾತ್ರ ಹೋಲುತ್ತೆ," ಎಂದು ಚಹಾಕ್ಕೆ ನೀರಿಡಲು ಹೋದಳು.

ಈ ಸಿಂಹದ ಹುಚ್ಚಿಗೆ ಒಂದು ಹಿನ್ನೆಲೆ ಇದೆ. ಸಫೋಕ್ ಸೀಮೆಯಲ್ಲಿ ಪ್ರತಿ ಊರಿಗೂ ಒಂದು ಕಂಬ. ಊರ ಮಧ್ಯದ ಹುಲ್ಲು ಮೈದಾನದಲ್ಲಿ ನೆಟ್ಟ ಆ ಕಂಬದ ತುದಿಗೆ ಕೆತ್ತಿ ಬಣ್ಣ ಹಚ್ಚಿದ ಮರದ ಹಲಗೆ, ಅದರಲ್ಲಿ ಊರಿನ ಹೆಸರು ಮತ್ತು ಊರಿನ ಹೆಮ್ಮೆ. ಸ್ಟೋಕ್ ಮಾರ್ಲಿಂಗ್ ಎಂಬ ನೆವಿಲ್‌ನ ಊರಿನ ಕಂಬವನ್ನು ಕಳೆದ ಚಳಿಗಾಲದಲ್ಲಿ ಸಕ್ಕರೆ ಗೆಡ್ಡೆ ತುಂಬಿದ ಲಾರಿಯೊಂದು ಹಿಂದಕ್ಕೆ ಬರುವಾಗ ಮಲಗಿಸಿಬಿಟ್ಟಿತು. ಹೊಸ ಹಲಗೆಯಲ್ಲಿ ಊರಿನ ಅತ್ಯಂತ ಹಳೆಯ ಮನೆತನದ ಹೆಸರನ್ನೂ ಗುರುತನ್ನೂ ಕೆತ್ತಿಸಬೇಕೆಂದು ಪಂಚಾಯ್ತಿ ತೀರ್ಮಾನಿಸಿತು. ಯಾವ ಮನೆತನ ಅನ್ನುವುದು ಬರುವ ತಿಂಗಳ ಮೊದಲ ಗುರುವಾರದ ಸಭೆಯಲ್ಲಿ ನಿರ್ಧಾರ.

ನೆವಿಲ್‌ಗೆ ಗಂಡುಮಕ್ಕಳಿಲ್ಲ. ಇದ್ದೊಬ್ಬ ಮಗಳು ಹೇಝಲ್, ಬೇಸಿಗೆಗೆ ಟೋಬಿ ಸ್ಮಿಥ್ ಎಂಬವನನ್ನು ಮದುವೆಯಾಗುವವಳಿದ್ದಳು.

"ಸ್ಮಿಥ್ ಅಂತೆ!" ನೆವಿಲ್ ಅಂದೂ ಕೂಗಾಡಿದ. "ನನ್ನ ಬಸ್ಸಲ್ಲಿ ನಿಂತು ಸ್ಮಿಥ್ ಅಂತ ಕರೆದ್ರೆ ಹನ್ನೊಂದು ಜನ ತಿರುಗಿ ನೋಡ್ತಾರೆ! ನೀನು ನಮ್ಮ ಹೆಸರನ್ನೇ ಇಟ್ಕೋಬಾರ್ದಾ?"

"ಅಪ್ಪಾ, ಸ್ಕೂಲಲ್ಲಿ ಹನ್ನೆರಡು ವರ್ಷ ಈ ಹೆಸರು ಹೊತ್ಕೊಂಡು ಅನುಭವಿಸಿದ್ದೀನಿ. ಸ್ಮಿಥ್ ಅಂದ್ರೆ ಫೋನಲ್ಲಿ ಒಂದೇ ಸಲ ಹೇಳಿದ್ರೆ ಸಾಕು."

"ನೀನು ಹೋದ್ರೆ ಈ ಊರಲ್ಲಿ ಕ್ಯಾಚ್‌ಪೋಲ್ ಅಂತ ಉಳಿಯೋದು ನಾನೊಬ್ನೇ. ಆಮೇಲೆ ನನ್ನ ಗೋರಿಕಲ್ಲು. ಅದಾದ್ಮೇಲೆ ಅದರ ಮೇಲೆ ಪಾಚಿ!" ನೆವಿಲ್ ಸುತ್ತಿಗೆ ಎತ್ತಿಕೊಂಡು ಮೊಳೆ ಹೊಡೆದ, ಮೊಳೆಗೆ ಸಿಂಹವನ್ನು ನೇತುಹಾಕಿದ. "ಆ ಹಲಗೆ ಮೇಲೆ ನಮ್ಮ ಹೆಸರು ಬರುತ್ತೆ. ಬಂದೇ ಬರುತ್ತೆ. ಬರೆದಿಟ್ಕೊಳ್ಳಿ!"

ಹಿನ್ನೆಲೆ ಸಂಗೀತವೊಂದು ಕಡಿಮೆಯಿತ್ತು. ಅದನ್ನು ಚಹಾದ ಕೆಟಲ್ ಶಿಳ್ಳೆ ಹೊಡೆದು ಪೂರೈಸಿತು.

ಸೋಮವಾರದ ಹೊತ್ತಿಗೆ ಸಿಂಹ ಮರಿ ಹಾಕಿತ್ತು. ಅಂಚೆಪೆಟ್ಟಿಗೆಯ ಮೇಲೊಂದು, ಊಟದ ಡಬ್ಬಿಯ ಮೇಲೊಂದು, ಬಸ್ಸಿನ ಸ್ಟಿಯರಿಂಗ್ ಪಕ್ಕದಲ್ಲೊಂದು. ಬಸ್ಸು ಹತ್ತಿದವರಿಗೆಲ್ಲ ನೆವಿಲ್ ಟಿಕೆಟ್ಟಿನ ಜೊತೆ ಸಾವಿರದ ಅರವತ್ತಾರನ್ನೂ ಕೊಟ್ಟ. ಆ ಊರಿನವರು ಮುಖದ ಮೇಲೆ 'ಸುಳ್ಳು' ಅನ್ನುವವರಲ್ಲ, 'ಓಹೋ, ಬಹಳ ಸ್ವಾರಸ್ಯವಾಗಿದೆಯಲ್ಲ' ಎಂದು ಹೇಳಿ ಕಿಟಕಿಯಾಚೆ ಹವಾಮಾನ ನೋಡುವವರು. ನೆವಿಲ್ ಅಂಥ ಇಪ್ಪತ್ಮೂರು 'ಸ್ವಾರಸ್ಯ'ಗಳನ್ನು ಇಪ್ಪತ್ಮೂರು ಮತಗಳೆಂದು ಎಣಿಸಿಕೊಂಡ.

ಪಕ್ಕದ ಮನೆಯ ಸಿರಿಲ್ ಗ್ಯಾರಡ್ ಮಾತ್ರ ಬಾಲ್ಯದ ಗೆಳೆಯ, ಅವನಿಗೆ ಆ ಮರ್ಯಾದೆಯೆಲ್ಲ ಇರಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೇ ಟೋಪಿ ತೆಗೆದು ಸೊಂಟ ಬಗ್ಗಿಸಿದ.

"ಮಹಾಪ್ರಭೂ! ಮಾರ್ಕೆಟ್ ಹತ್ರ ಇಳಿಸ್ತೀರೋ, ಇಲ್ಲಾ ಫ್ರಾನ್ಸ್ ಮೇಲೆ ದಂಡೆತ್ತಿ ಹೋಗೋದಿದೆಯೋ?"

"ಲೋ ಸಿರಿಲ್, ಹಿಂದೆ ಹೋಗಿ ಕೂರೋ."

"ಕುದುರೆ ಗೇರ್ ಬದಲಾಯಿಸೋವಾಗ ಕಿರ್ ಅನ್ನುತ್ತೆ ಗುರೂ, ಲಾಳ ನೋಡಿಸು."

ಬಸ್ಸಿಗೆ ಬಸ್ಸೇ ನಕ್ಕಿತು. ಇತಿಹಾಸ ನಿರ್ಮಿಸುವವರನ್ನು ಜನ ಮೊದಲು ನೋಡಿ ನಗುತ್ತಾರೆ ಅಂದುಕೊಂಡು ನೆವಿಲ್ ಎರಡನೇ ಗೇರ್ ಹಾಕಿದ.

ಅದೇ ಸಂಜೆ ಪಂಚಾಯ್ತಿ ಅಧ್ಯಕ್ಷೆಯ ಮನೆ ಬಾಗಿಲು ತಟ್ಟಿದ. ಮಿಸೆಸ್ ಪ್ರೂಡೆನ್ಸ್ ಥರ್ಲೋ ಅಂದರೆ ಊರಿನಲ್ಲಿ ಗಡಿಯಾರ ಕೂಡ ಸರಿಯಾಗಿ ಕೂರುತ್ತಿತ್ತು. ಅವಳು ಚೌಕಟ್ಟನ್ನು ಎರಡು ಬೆರಳಲ್ಲಿ, ಬೇರೆಯವರ ಒದ್ದೆ ಟವೆಲ್ಲಿನ ಹಾಗೆ ಹಿಡಿದುಕೊಂಡಳು.

"ಮಿಸ್ಟರ್ ಕ್ಯಾಚ್‌ಪೋಲ್, ಲಾಂಛನ ಅನ್ನೋದನ್ನ ರಾಜರು ಒಬ್ಬ ಮನುಷ್ಯನಿಗೆ ಕೊಡ್ತಾರೆ. ಹೆಸರಿಗೆ ಕೊಡಲ್ಲ. ಯಾವನೋ ಒಬ್ಬ ಕ್ಯಾಚ್‌ಪೋಲ್‌ಗೆ ಸಿಂಹ ಸಿಕ್ಕಿದ್ರೂ ಅದು ಅವನ ಮಕ್ಕಳು ಮೊಮ್ಮಕ್ಕಳದ್ದು. ಹೆಸರು ಒಂದೇ ಅಂತ ನೀವು ಹಾಕ್ಕೊಳ್ಳೋದು, ಹೆಸರು ಒಂದೇ ಅಂತ ಇನ್ನೊಬ್ಬರ ಪ್ಯಾಂಟು ಹಾಕ್ಕೊಂಡ ಹಾಗೆ."

ನೆವಿಲ್ ತನಗೇ ಗೊತ್ತಿಲ್ಲದೆ ಪ್ಯಾಂಟು ಮೇಲಕ್ಕೆಳೆದುಕೊಂಡ.

"ನಮ್ಮ ಥರ್ಲೋ ಮನೆತನ ಸಾವಿರದ ಮುನ್ನೂರ ಹನ್ನೆರಡರಿಂದ ಇದೇ ಊರಲ್ಲಿದೆ," ಎಂದಳು ಅವಳು. "ಜಿಲ್ಲಾ ದಾಖಲೆ ಕಚೇರಿಯಲ್ಲಿ ಬರಹ ಇದೆ ಅಂತ ನಮ್ಮ ಮಾವನವರು ಗುರುತು ಹಾಕಿಟ್ಟಿದ್ರು. ನಿಮ್ಮ ಹತ್ರ ಅದಕ್ಕಿಂತ ಹಳೇದೋ, ಅಷ್ಟೇ ಹಳೇದೋ ಇದ್ರೆ ತನ್ನಿ. ಮಾಲ್‌ನಿಂದ ಬೇಡ."

"ತರ್ತೀನಿ ಮೇಡಂ. ತಂದು ನಿಮ್ಮ ಮೇಜಿನ ಮೇಲೆ ಇಡದೇ ಇದ್ರೆ ನನ್ನ ಹೆಸರು..." ಎಂದು ನೆವಿಲ್ ನಿಲ್ಲಿಸಿದ. ಆ ಶಪಥದಲ್ಲಿ ಪಣಕ್ಕಿಡಬೇಕಾದದ್ದೇ ಹೆಸರು, ಹೋರಾಟ ನಡೆಯುತ್ತಿದ್ದದ್ದೂ ಅದಕ್ಕೇ. "ಒಟ್ಟಿನಲ್ಲಿ ತರ್ತೀನಿ!"

ದಾಖಲೆ ಕಚೇರಿಗೆ ಹೋಗಲು ಅವನು ಮುಂದಿನ ವಾರದ ಮೊದಲ ಎರಡು ದಿನ ರಜೆ ಹಾಕಿದ. ಅಲ್ಲಿ ಪೆನ್ನು ಕಸಿದುಕೊಂಡು ಪೆನ್ಸಿಲ್ ಕೊಟ್ಟರು, ಕೋಟು ಬಿಚ್ಚಿಸಿದರು, ಬಾಯಲ್ಲಿದ್ದ ಪೆಪ್ಪರ್‌ಮಿಂಟ್ ಉಗುಳಿಸಿದರು. ಹಳೆಯ ಸುರುಳಿಗಳಿಗೆ ಮಲಗಲು ಮೆತ್ತನೆಯ ದಿಂಬು, ಓದಲು ಬಂದವನಿಗೆ ಮರದ ಕುರ್ಚಿ. ಮೊದಲ ದಿನವಿಡೀ ಲ್ಯಾಟಿನ್ ಅವನನ್ನು ನೋಡಿತು, ಅವನು ಲ್ಯಾಟಿನ್ನನ್ನು ನೋಡಿದ. ಎರಡನೇ ದಿನ, ಮೂರು ಗಂಟೆಯ ಹೊತ್ತಿಗೆ, ಕಚೇರಿಯ ಮಿಸ್ ಪಾಸ್ಕ್ ಕನ್ನಡಕ ಹಣೆಗೇರಿಸಿ ಒಂದು ಚರ್ಮದ ಸುರುಳಿಯ ಮೇಲೆ ಬೆರಳು ನಿಲ್ಲಿಸಿದಳು.

"ಸಿಕ್ಕಿದ್ರು ಸರ್! ರೋಜರ್. ಸಾವಿರದ ಮುನ್ನೂರ ಹನ್ನೆರಡು, ಸ್ಟೋಕ್ ಮಾರ್ಲಿಂಗ್. 'ರೋಜರ್ ಎಂಬ ಕ್ಯಾಚ್‌ಪೋಲ್'."

ನೆವಿಲ್ ಮೇಜು ಹಿಡಿದುಕೊಂಡ. ಏಳುನೂರು ವರ್ಷದ ಹಿಂದೆ ಯಾರೋ ಅವನ ಹೆಸರು ಬರೆದಿದ್ದರು! "ವೀರನಾ?"

"ಅದು ಮನೆತನದ ಹೆಸರಲ್ಲ ಸರ್, ಆಗಿನ್ನೂ ಕೆಲಸದ ಹೆಸರು. ಅಪ್ಪ ಮಾಡೋ ಕೆಲಸದ ಹೆಸರೇ ಮಗನಿಗೆ ಅಂಟಿಕೊಳ್ತಿತ್ತು. ನೋಡಿ, ಇಲ್ಲಿ ಕೆಳಗೆ ಅವನ ಮಗ ಜಾನ್ ರೊಟ್ಟಿ ಸುಡ್ತಾನೆ, ಆದ್ರೂ ಜಾನ್ ಕ್ಯಾಚ್‌ಪೋಲ್ ಅಂತಾನೇ ಬರೆದಿದ್ದಾರೆ. ನಾರ್ಮನ್ನರು ತಂದ ಮಾತು ಅನ್ನೋದೂ ನಿಜ."

"ಹಾಗಾದ್ರೆ ರೋಜರ್ ಕೆಲಸ ಏನು?"

ಮಿಸ್ ಪಾಸ್ಕ್ ಇಪ್ಪತ್ತು ವರ್ಷದಿಂದ ಜನರ ಪೂರ್ವಜರನ್ನು ಅವರ ಕೈಗೆ ಕೊಡುತ್ತಿದ್ದವಳು. ಯಾರಿಗೆ ಮೊದಲು ನೀರು ಕೊಡಬೇಕೆಂಬುದು ಗೊತ್ತಿತ್ತು. ಆದರೆ ಆ ಕೋಣೆಯೊಳಗೆ ನೀರೂ ನಿಷಿದ್ಧ.

"ಕೋಳಿ ಅಟ್ಟಿಸಿಕೊಂಡು ಹೋಗೋದು."

"ಏನು?"

"ಆ ಮಾತಿನ ಅರ್ಥವೇ ಅದು ಸರ್, ಕೋಳಿ ಅಟ್ಟುವವನು. ಕಂದಾಯ ಕಟ್ಟದವರ ಮನೆಗೆ ಹೋಗಿ ಕೋಳಿ ಜಪ್ತಿ ಮಾಡೋ ಅಮೀನ. ಪೂರ್ತಿ ಪಟ್ಟಿ ಇದೆ ನೋಡಿ. ವಿಲಿಯಂ ಗ್ಯಾರಡ್, ಒಂದು ಹುಂಜ. ಹ್ಯೂ ಫೆಲ್ಗೇಟ್, ಮೂರು ಕೋಳಿ. ವಿಧವೆ ಆಲಿಸ್ ಥರ್ಲೋ, ಆರು ಕೋಳಿ. ಅವಳು ರೋಜರ್‌ಗೆ ಪೊರಕೆಯಲ್ಲಿ ಬಾರಿಸಿದ್ದಕ್ಕೆ ದಂಡ ಹಾಕಿದ್ದಾರೆ. ಎರಡು ಸಲ ಬಾರಿಸಿದ್ದಾಳೆ ಪಾಪ."

ಪಾಪ ಅಂದದ್ದು ಆಲಿಸ್‌ಗೋ ರೋಜರ್‌ಗೋ ಎಂದು ನೆವಿಲ್ ಕೇಳಲಿಲ್ಲ. ಸುರುಳಿಯ ನಕಲು ಪ್ರತಿಯನ್ನು ಮಡಿಸಿ ಒಳಜೇಬಿಗಿಟ್ಟುಕೊಂಡು, ಯಾರದೋ ಬಸ್ಸಿನಲ್ಲಿ ಪ್ರಯಾಣಿಕನಾಗಿ ಊರಿಗೆ ಬಂದ. ಆದರೆ ನಮ್ಮ ನೆವಿಲ್ ಸೋತು ಮನೆಗೆ ಹೋಗಿ ಮಲಗುವ ಪೈಕಿಯಲ್ಲ. ನೇರ ಪಬ್ಬಿಗೆ ಹೋದ.

"ಏನಾಯ್ತು ಗುರೂ? ಸಿಕ್ಕಿದ್ನಾ ವೀರ?" ಎಂದ ಸಿರಿಲ್.

ಸುಳ್ಳು ಹೇಳಲು ನೆವಿಲ್‌ಗೆ ಮನಸ್ಸಿಲ್ಲ. ಪೂರ್ತಿ ನಿಜ ಹೇಳಲು ಧೈರ್ಯವಿಲ್ಲ. ನಡುವೆ ಒಂದು ಇಕ್ಕಟ್ಟಿನ ಸಂದಿ ಇತ್ತು, ಬಸ್ ಡ್ರೈವರ್ ಆದ್ದರಿಂದ ಅದರಲ್ಲಿ ತೂರಿಸಿದ. "ಸಾವಿರದ ಮುನ್ನೂರ ಹನ್ನೆರಡು. ರೋಜರ್ ಅಂತ. ಕಂದಾಯ ಇಲಾಖೇಲಿ ಇದ್ದ."

"ಅಧಿಕಾರಿನಾ?"

ನೆವಿಲ್ ಬಿಯರಿನ ನೊರೆ ನೋಡಿದ. "ಜನ ಅವನನ್ನ ಕಂಡ್ರೆ ಓಡ್ತಿದ್ರು."

ಅಷ್ಟು ಸಾಕಾಯಿತು. ಮಂಗಳವಾರ ಪಬ್ಬಿನಲ್ಲಿ ಕಂದಾಯ ಅಧಿಕಾರಿಯಾಗಿದ್ದ ರೋಜರ್, ಬುಧವಾರ ಅಂಚೆ ಕಚೇರಿಯಲ್ಲಿ ರಾಜ್ಯದ ಖಜಾಂಚಿಯಾದ. ಶುಕ್ರವಾರ ಮಾಂಸದಂಗಡಿಯಲ್ಲಿ ರಾಜನ ಸೋದರಳಿಯನಾಗಿ ಬಡ್ತಿ ಪಡೆದ. ಭಾನುವಾರ ಚರ್ಚಿನಲ್ಲಿ ಪಾದ್ರಿ ನೆವಿಲ್‌ನನ್ನು ಕರೆದು ಮುಂದಿನ ಸಾಲಿನ ಬೆಂಚು ತೋರಿಸಿದರು. ಬೇಕರಿಯವಳು ಒಂದು ಬನ್ ಹೆಚ್ಚಿಗೆ ಹಾಕಿದಳು. ಬಸ್ಸಿನಲ್ಲಿ ಜನ ಸರಿಯಾದ ಚಿಲ್ಲರೆ ಕೊಡತೊಡಗಿದರು, ಅದು ಇಪ್ಪತ್ತಾರು ವರ್ಷದಲ್ಲಿ ನಡೆಯದ ಪವಾಡ. ಟೋಬಿ ಸ್ಮಿಥ್ ಕೂಡ ಭಾವೀ ಮಾವನ ಮುಂದೆ ಕೂರುವ ಮೊದಲು ಕೈ ಒರೆಸಿಕೊಂಡ.

ನೆವಿಲ್ ಯಾವುದಕ್ಕೂ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಬನ್ ಮಾತ್ರ ತಿಂದ.

"ಜೇಬಲ್ಲಿರೋ ಕಾಗದ ಏನು?" ಎಂದು ಮಾರೀನ್ ಕೇಳಿದಳು. ತೊಳೆಯುವ ಮೊದಲು ಜೇಬು ನೋಡುವ ಹೆಂಡತಿಯರಿಂದ ಯಾವ ಸಾಮ್ರಾಜ್ಯವೂ ತಪ್ಪಿಸಿಕೊಂಡಿಲ್ಲ. ಓದಿದಳು. ಮೊದಲು ತುಟಿ ಕಚ್ಚಿದಳು, ಆಮೇಲೆ ಏಪ್ರನ್ ಕಚ್ಚಿದಳು, ಕೊನೆಗೆ ಬಾಗಿಲ ಹಿಂದೆ ಹೋಗಿ ನಕ್ಕು ಬಂದಳು.

"ನೆವಿಲ್, ಬಿಟ್ಬಿಡೋ. ಎಲ್ಲರ ಮುಂದೆ ಮಾನ ಹೋಗುತ್ತೆ."

"ಮಾನ ಹೋದ್ರೆ ಹೋಗ್ಲಿ, ಹೆಸರು ಉಳೀಬೇಕು," ಎಂದ ನೆವಿಲ್. ಇವೆರಡೂ ಬೇರೆ ಬೇರೆ ಎಂದು ಅವನಿಗೆ ಅಂದೇ ಹೊಳೆದದ್ದು.

ಗುರುವಾರ ಸಂಜೆ ಆರಕ್ಕೆ ಪಂಚಾಯ್ತಿ ಹಾಲ್ ತುಂಬಿತು. ಸಾಮಾನ್ಯವಾಗಿ ಆ ಸಭೆಗೆ ಬರುವವರು ಐವರು ಸದಸ್ಯರು, ಚರಂಡಿಯ ಬಗ್ಗೆ ದೂರು ಕೊಡುವ ಮಿಸ್ಟರ್ ಫೆಲ್ಗೇಟ್, ಮತ್ತು ಬೆಚ್ಚಗಿರುತ್ತದೆಂದು ಬರುವ ಒಂದು ನಾಯಿ. ಇವತ್ತು ಕುರ್ಚಿ ಸಾಲದೆ ಚರ್ಚಿನಿಂದ ಬೆಂಚು ತರಿಸಿದ್ದರು. ನಿಂಬೆ ಕೇಕು ಎರಡು ಪಟ್ಟು.

ಮಿಸೆಸ್ ಥರ್ಲೋ ಎದ್ದು ನಿಂತಳು. ಅವಳ ಕೈಯಲ್ಲೂ ಒಂದು ನಕಲು ಪ್ರತಿ. ನೆವಿಲ್ ಕಾಗದದ ಮೂಲೆಯ ಮುದ್ರೆ ನೋಡಿದ, ದಾಖಲೆ ಕಚೇರಿಯದೇ. ತನ್ನ ಒಳಜೇಬು ಮುಟ್ಟಿ ನೋಡಿಕೊಂಡ.

"ಮಿತ್ರರೇ, ರಾಜನ ಸೋದರಳಿಯ ರೋಜರ್ ಬಗ್ಗೆ ಬಹಳ ಕೇಳಿದ್ದೀವಿ. ಬಹಳ ಸ್ವಾರಸ್ಯವಾಗಿದೆ," ಎಂದಳು. "ನಾನೂ ಹೋಗಿ ನೋಡಿ ಬಂದೆ. ಕ್ಯಾಚ್‌ಪೋಲ್ ಅಂದ್ರೆ ಏನು ಗೊತ್ತಾ? ಕೋಳಿ ಅಟ್ಟುವವನು. ರೋಜರ್ ಬಡವರ ಹಿತ್ತಲಿಗೆ ನುಗ್ಗಿ ಕೋಳಿ ಹಿಡೀತಿದ್ದ. ಇದು ಸಾವಿರದ ಮುನ್ನೂರ ಹನ್ನೆರಡರ ಬರಹ. ಕಂಬದ ಮೇಲೆ ಇವರ ಹೆಸರು ಬೇಕಾ, ಯೋಚನೆ ಮಾಡಿ."

ಹಿಂದಿನ ಬೆಂಚಿನಿಂದ ಯಾರೋ "ಕೊಕ್ಕೊಕ್ಕೋ" ಎಂದರು. ಇಡೀ ಸಭೆ ನಗುವಿನಲ್ಲಿ ಸಿಡಿಯಿತು. ಪಾದ್ರಿ ಕೆಮ್ಮಿನ ನೆಪದಲ್ಲಿ ಕರವಸ್ತ್ರದೊಳಗೆ ಹೋದರು. ಸಿರಿಲ್ ಗ್ಯಾರಡ್ ಬೆಂಚಿನಿಂದ ಜಾರಿ ನಾಯಿಯ ಮೇಲೆ ಬಿದ್ದ. ಬೇಕರಿಯವಳು ಬನ್ನಿನ ಲೆಕ್ಕ ಹಾಕುತ್ತಿರುವಂತೆ ನೆವಿಲ್‌ನನ್ನು ನೋಡಿದಳು.

ಹೇಝಲ್ ತಂದೆಯ ತೋಳು ಹಿಡಿದಳು. "ಅಪ್ಪಾ, ಬಾ. ಮನೆಗೆ ಹೋಗೋಣ."

ನೆವಿಲ್ ಎದ್ದ. ಬಾಗಿಲ ಕಡೆ ಎಂದು ಎಲ್ಲರೂ ಅಂದುಕೊಂಡರು. ಅವನು ನಡೆದದ್ದು ವೇದಿಕೆಯ ಕಡೆ. ನಿಧಾನವಾಗಿ. ಸ್ಲೋ ಮೋಷನ್ ಅಂದುಕೊಳ್ಳಬೇಡಿ, ಮಂಡಿನೋವು.

"ಹೌದು," ಎಂದ. "ನಮ್ಮ ಹಿರೀಕ ಕೋಳಿ ಹಿಡೀತಿದ್ದ. ಒಂಬತ್ತು ದಿನದಿಂದ ನನಗೆ ಗೊತ್ತು. ಹೇಳದೇ ಇದ್ದದ್ದು ನಂದೇ ತಪ್ಪು. ಬನ್ನಿಗೆ ದುಡ್ಡು ಕೊಡ್ತೀನಿ ಕಣಮ್ಮ." ಜೇಬಿನಿಂದ ಕಾಗದ ತೆಗೆದ. "ಆದ್ರೆ ಮೇಡಂ, ನೀವು ಅರ್ಧ ಓದಿದ್ರಿ. ನಿಮ್ಮ ಮನೆತನ ಸಾವಿರದ ಮುನ್ನೂರ ಹನ್ನೆರಡರಿಂದ ಇಲ್ಲಿದೆ ಅಂದ್ರಲ್ಲ, ಆ ಬರಹ ಯಾವುದು?"

ಮಿಸೆಸ್ ಥರ್ಲೋ ಕನ್ನಡಕ ಸರಿಮಾಡಿಕೊಂಡಳು. ಕನ್ನಡಕ ಸರಿಯಾಗಿಯೇ ಇತ್ತು.

"ಹೇಳಿ ಮೇಡಂ."

"ಅದು... ಅದೇ ಸುರುಳಿ."

"ಅದೇ ಸುರುಳಿಯ ಅದೇ ಪಟ್ಟಿ!" ನೆವಿಲ್‌ನ ದನಿ ಈಗ ಬಸ್ಸಿನ ಕೊನೆಯ ಸೀಟಿಗೆ ಮುಟ್ಟುವ ದನಿ. "ವಿಧವೆ ಆಲಿಸ್ ಥರ್ಲೋ, ಆರು ಕೋಳಿ. ಅವಳ ಕೋಳಿ ನಮ್ಮ ರೋಜರ್ ಹಿಡೀದೇ ಇದ್ದಿದ್ರೆ ಅವಳ ಹೆಸರು ಯಾರು ಬರೀತಿದ್ರು? ಈ ಊರಲ್ಲಿ ಯಾರು ಹಳಬರು ಅನ್ನೋಕೆ ಇರೋ ಅತಿ ಹಳೇ ಕಾಗದ ಯಾವುದು? ನಮ್ಮ ಅಜ್ಜನ ಕೋಳಿ ಪಟ್ಟಿ! ಅವನು ಬೇಡ ಅಂದ್ರೆ ಪಟ್ಟಿ ಬೇಡ. ಪಟ್ಟಿ ಬೇಡ ಅಂದ್ರೆ ನೀವೂ ಇಲ್ಲ!"

ನಗು ನಿಂತಿತು. ನೆಲದ ಮೇಲಿಂದ ಸಿರಿಲ್ ಕೈ ಎತ್ತಿದ. "ಲೋ ನೆವಿಲ್, ಗ್ಯಾರಡ್ ಅಂತ ಇದೆಯೇನೋ ಅದರಲ್ಲಿ?"

"ವಿಲಿಯಂ ಗ್ಯಾರಡ್. ಒಂದು ಹುಂಜ."

"ಹುಂಜ!" ಸಿರಿಲ್ ನಾಯಿಯನ್ನು ಬಿಟ್ಟು ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ. "ಕೇಳಿಸ್ತೇನ್ರಪ್ಪಾ? ಬೇರೆಯವರದ್ದೆಲ್ಲ ಕೋಳಿ. ನಮ್ಮದು ಹುಂಜ!"

"ಫೆಲ್ಗೇಟ್? ಫೆಲ್ಗೇಟ್ ನೋಡಿ!" ಮಿಸ್ಟರ್ ಫೆಲ್ಗೇಟ್ ಜೀವಮಾನದಲ್ಲಿ ಮೊದಲ ಸಲ ಚರಂಡಿ ಮರೆತ.

"ಹ್ಯೂ ಫೆಲ್ಗೇಟ್, ಮೂರು ಕೋಳಿ."

"ಮೂರು! ಹುಂಜ ಒಂದಾದ್ರೇನು, ನಮ್ಮದು ಮೂರು!"

"ನಮ್ಮದು ನೋಡಪ್ಪಾ!" "ಸರೀರಿ ಸ್ವಲ್ಪ!" "ನಮ್ಮಮ್ಮನ ಕಡೆಯವರದ್ದೂ ನೋಡು!" ವೇದಿಕೆಯ ಸುತ್ತ ನೂಕುನುಗ್ಗಲು. ನಿಂಬೆ ಕೇಕು ನೆಲಕ್ಕೆ ಬಿತ್ತು, ನಾಯಿ ಅದರ ಯೋಗಕ್ಷೇಮ ವಿಚಾರಿಸಿಕೊಂಡಿತು. ಪಟ್ಟಿಯಲ್ಲಿ ಹೆಸರಿದ್ದವರು ಎದೆಯುಬ್ಬಿಸಿ ಒಂದು ಕಡೆ ನಿಂತರು. ಮಾಂಸದಂಗಡಿಯವನು ಕಾಗದವನ್ನು ಮೂರು ಸಲ ಮೇಲಿಂದ ಕೆಳಕ್ಕೆ ನೋಡಿ, ಅಳುವ ದನಿಯಲ್ಲಿ, "ನಮ್ಮ ಮನೇಲಿ ಒಂದೇ ಒಂದು ಕೋಳಿಮರಿನೂ ಹಿಡಿದಿಲ್ವಾ?" ಎಂದ.

"ನೀವು ಹೊಸಬರು," ಎಂದ ಫೆಲ್ಗೇಟ್ ಕನಿಕರದಿಂದ. "ನೀವು ಬಂದಿದ್ದು ಸಾವಿರದ ಏಳುನೂರರಲ್ಲಿ."

ಮಿಸೆಸ್ ಥರ್ಲೋ ಮೇಜು ತಟ್ಟಿದಳು. ಕೆಂಪಾಗಿದ್ದಳು, ಆದರೆ ಬಗ್ಗಿರಲಿಲ್ಲ. "ಮಿಸ್ಟರ್ ಕ್ಯಾಚ್‌ಪೋಲ್, ಪಟ್ಟಿಯಲ್ಲಿ ಇನ್ನೂ ಒಂದು ಸಾಲು ಇದೆ. ನೀವೂ ಅರ್ಧವೇ ಓದಿದ್ರಿ."

"ಪೊರಕೆ," ಎಂದ ನೆವಿಲ್ ಸಣ್ಣಗೆ.

"ಎಷ್ಟು ಸಲ?"

"ಎರಡು ಸಲ."

"ರೋಜರ್ ಕಂಬದ ಮೇಲೆ ಬರೋದಾದ್ರೆ ಆಲಿಸ್ ಥರ್ಲೋ ಅವನ ಹಿಂದೆ ಬರ್ತಾಳೆ. ಪೊರಕೆ ಎತ್ಕೊಂಡು. ಪೊರಕೆ ಅವನಿಗೆ ತಾಗಿರಬೇಕು. ಸುಮ್ನೆ ಎತ್ತಿದ್ರೆ ಸಾಲದು. ಒಪ್ಪಿಗೆನಾ?"

ನೆವಿಲ್ ಹೆಂಡತಿಯ ಕಡೆ ನೋಡಿದ. ಮಾರೀನ್ ಏಪ್ರನ್ ಇಲ್ಲದ್ದರಿಂದ ಹೇಝಲ್‌ಳ ಶಾಲು ಕಚ್ಚಿಕೊಂಡಿದ್ದಳು.

"ಕೆಳಗೆ ಹೆಸರು ಕ್ಯಾಚ್‌ಪೋಲ್ ಅಂತಾನೇ ಕೆತ್ತಬೇಕು. ದಪ್ಪಕ್ಷರದಲ್ಲಿ."

"ಕೆತ್ತಿಸೋಣ."

"ಹಾಗಾದ್ರೆ ಇನ್ನೆರಡು ಏಟು ಜಾಸ್ತಿ ಹೊಡೀಲಿ ಮೇಡಂ, ನಮ್ಮ ರೋಜರ್ ತಡ್ಕೋತಾನೆ."

ಐದಕ್ಕೆ ಐದು ಮತ. ಮಾಂಸದಂಗಡಿಯವನು ತನ್ನ ಕಡೆಯಿಂದ ಒಂದು ಕೋಳಿಯನ್ನಾದರೂ ಚಿತ್ರದಲ್ಲಿ ಸೇರಿಸಬೇಕೆಂದು ಅರ್ಜಿ ಕೊಟ್ಟ, ಅದನ್ನು ಮುಂದಿನ ಸಭೆಗೆ ಇಟ್ಟರು.

ಮದುವೆಗೆ ಒಂದು ವಾರ ಮುಂಚೆ, ಭಾನುವಾರ ಬೆಳಿಗ್ಗೆ, ಬಾತುಕೋಳಿ ಕೊಳದ ಪಕ್ಕದ ಮೈದಾನದಲ್ಲಿ ಹೊಸ ಕಂಬದ ಬಟ್ಟೆ ಎಳೆದರು. ಹಲಗೆಯ ಮೇಲೆ ಆರು ಬಿಳಿ ಕೋಳಿ ರೆಕ್ಕೆ ಬಡಿದು ಓಡುತ್ತಿದ್ದವು, ಹಿಂದೆ ಒಬ್ಬ ಗುಂಡು ಬೋಳುತಲೆಯವನು ಎರಡೂ ಕೈ ಚಾಚಿ ಓಡುತ್ತಿದ್ದ, ಅವನ ಹಿಂದೆ ಉದ್ದ ಮೂಗಿನ ವಿಧವೆಯೊಬ್ಬಳು ಅವನ ನೆತ್ತಿಗೇ ಪೊರಕೆ ಇಳಿಸಿದ್ದಳು. ಕೆತ್ತನೆಯವನು ಯಾರ ಮುಖವನ್ನೂ ನೋಡಿ ಕೆತ್ತಿಲ್ಲವೆಂದು ಆಣೆ ಮಾಡಿದ. ಬೋಳುತಲೆ ನೆವಿಲ್‌ದಲ್ಲ, ಮೂಗು ಮಿಸೆಸ್ ಥರ್ಲೋದಲ್ಲ ಎಂದು ಇಡೀ ಊರೂ ಬಹಳ ಮರ್ಯಾದೆಯಿಂದ ಒಪ್ಪಿತು. ಕೆಳಗೆ ಗೇಣುದ್ದದ ಬಂಗಾರ ಬಣ್ಣದ ಅಕ್ಷರಗಳಲ್ಲಿ: ಕ್ಯಾಚ್‌ಪೋಲ್.

ಟೋಬಿ ಸ್ಮಿಥ್ ಬಾಯಿ ತೆರೆದು ನೋಡಿದ. "ನಮ್ಮ ಹೆಸರಿಗೆ ಹಿಂಗೇನೂ ಇಲ್ವಲ್ಲ ಹೇಝಲ್," ಎಂದು ಗೊಣಗಿದ.

ನೆವಿಲ್ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದ. ಹೆಸರು ಕಾಣುತ್ತಿತ್ತು. ಇನ್ನೂ ಇಪ್ಪತ್ತು ಹೆಜ್ಜೆ ಸರಿದ.

"ನೆವಿಲ್, ಸಾಕು," ಎಂದಳು ಮಾರೀನ್.

"ಇರೇ! ರಸ್ತೇಲಿ ಹೋಗೋರಿಗೆ ಎಲ್ಲಿವರೆಗೆ ಕಾಣುತ್ತೆ ನೋಡ್ಬೇಕು." ಇನ್ನೂ ಹಿಂದೆ, ಕಣ್ಣು ಕದಲಿಸದೆ, ಒಂದೊಂದೇ ಹೆಜ್ಜೆ.

"ನೆವಿಲ್!" "ಅಪ್ಪಾ!" "ಮಿಸ್ಟರ್ ಕ್ಯಾಚ್‌ಪೋಲ್!" "ಲೋ, ಹಿಂದೆ ನೋಡೋ!"

ಊರ ಬಾತುಕೋಳಿಗಳೆಲ್ಲ ಒಟ್ಟಿಗೆ ಕಿರುಚಿಕೊಂಡು ಮೇಲೆದ್ದವು. ನೀರು ಆಳೆತ್ತರ ಹಾರಿತು. ಅಲೆ ತಗ್ಗಿದಾಗ ಕೊಳದ ನಡುವೆ, ಎದೆಮಟ್ಟದ ಕೆಸರುನೀರಿನಲ್ಲಿ, ತಲೆಯ ಮೇಲೆ ಪಾಚಿ ಹೊತ್ತ ನೆವಿಲ್ ನಿಂತಿದ್ದ. ಇನ್ನೂ ಕಂಬದ ಕಡೆಯೇ ನೋಡುತ್ತಿದ್ದ.

"ಮಾರೀನ್!" ಎಂದು ಕೂಗಿದ. "ಇಲ್ಲಿಂದ್ಲೂ ಓದ್ಬಹುದು ಕಣೇ!"